ಕಾಂಪೋಸ್ಟಬಲ್ ಕವರ್‌ಗೂ ಆಯಸ್ಸಿದೆ: ಎಷ್ಟು ಕೊಳ್ಳಬೇಕು, ಎಲ್ಲಿ ಇಡಬೇಕು

ಅಡುಗೆಮನೆ ಬಾಗಿಲ ಹಿಂದೆ ಮೊಳೆಗೆ ಒಂದು ದೊಡ್ಡ ಕವರ್ ನೇತಾಡುತ್ತಿರುತ್ತದೆ, ಅದರೊಳಗೆ ಮಡಚಿ ತುರುಕಿದ ಇನ್ನಷ್ಟು ಕವರ್‌ಗಳು. ನಮ್ಮ ಬಹಳಷ್ಟು ಮನೆಗಳಲ್ಲಿ ಇದು ಇದ್ದೇ ಇರುತ್ತದೆ, ಅಲ್ವಾ? ಮಾಮೂಲಿ ಪ್ಲಾಸ್ಟಿಕ್ ಕವರ್ ಆದರೆ ಬಿಸಿಲು ಬೀಳದ ಜಾಗದಲ್ಲಿ ವರ್ಷಗಟ್ಟಲೆ ಹಾಗೇ ಇರುತ್ತದೆ. ಆದರೆ ಈಗ ಅದೇ ಗಂಟಿಗೆ ಕಾಂಪೋಸ್ಟಬಲ್, ಅಂದರೆ ಕೊಳೆತು ಗೊಬ್ಬರವಾಗುವ ಕವರ್‌ಗಳೂ ಬಂದು ಸೇರುತ್ತಿವೆ. ಬಟ್ಟೆ ಅಂಗಡಿಯವರು ಕೊಟ್ಟಿದ್ದು, ಹಣ್ಣಿನ ಅಂಗಡಿಯದು, ತಿರುಪತಿಗೆ ಹೋದವರು ಲಡ್ಡು ತಂದದ್ದು. ತಿರುಮಲದಲ್ಲಿ 2021ರಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಅಭಿವೃದ್ಧಿಪಡಿಸಿದ ಇಂಥ ಕವರ್‌ಗಳನ್ನು ಲಡ್ಡುಗಾಗಿ ಮಾರಲು ಶುರು ಮಾಡಿದರು. ಪ್ರಸಾದ ಬಂದ ಕವರ್ ಅಂತ ಅದನ್ನು ಜೋಪಾನವಾಗಿ ಎತ್ತಿಟ್ಟು, ಎರಡು ವರ್ಷ ಬಿಟ್ಟು ಅದರಲ್ಲಿ ನಾಲ್ಕು ತೆಂಗಿನಕಾಯಿ ಹಾಕಿಕೊಂಡು ಹೊರಟರೆ ಬೀದಿ ತಿರುವಿನಲ್ಲೇ ತಳ ಪಿಸಿದುಹೋಗುತ್ತದೆ. ಆಗ ಎಲ್ಲರೂ ಹೇಳುವ ಮಾತು ಒಂದೇ, "ಈ ಕವರೇ ಸರಿ ಇಲ್ಲ".

ಕವರ್ ಸರಿಯಾಗೇ ಇತ್ತು. ಅದರ ಕಾಲ ಮುಗಿದಿತ್ತು, ಅಷ್ಟೇ. ಈ ವಿಷಯ ಯಾರೂ ಸರಿಯಾಗಿ ಹೇಳುವುದಿಲ್ಲ, ಪ್ಯಾಕೆಟ್ ಮೇಲೂ ದೊಡ್ಡದಾಗಿ ಬರೆದಿರುವುದಿಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಕಾಂಪೋಸ್ಟಬಲ್ ಕವರ್ ಅನ್ನು ದಿನಸಿ ಸಾಮಾನಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಬೇಕಾದಷ್ಟೇ ತನ್ನಿ, ತಾರೀಖು ನೋಡಿ, ಹಳೆಯದನ್ನು ಮೊದಲು ಖರ್ಚು ಮಾಡಿ. ಉಳಿದದ್ದೆಲ್ಲ ಇದರ ವಿವರ.

ಅದು ಹಾಳಾಗುವುದು ಯಾಕೆ

ಈ ಕವರ್‌ಗಳನ್ನು ಬರೀ ಜೋಳದಿಂದ ಮಾಡಿರುತ್ತಾರೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಪೂರ್ತಿ ಹಾಗಲ್ಲ. ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನ ಕವರ್‌ಗಳಲ್ಲಿ ಪಿಬಿಎಟಿ ಅನ್ನುವ ಒಂದು ಪಾಲಿಯೆಸ್ಟರ್ ಇರುತ್ತದೆ, ಅದರ ಜೊತೆ ಮುಸುಕಿನ ಜೋಳದ್ದೋ ಮರಗೆಣಸಿನದ್ದೋ ಪಿಷ್ಟ, ಕೆಲವಕ್ಕೆ ಪಿಎಲ್‌ಎ ಅನ್ನುವ, ಸಸ್ಯಗಳ ಸಕ್ಕರೆಯಿಂದ ಮಾಡುವ ಪ್ಲಾಸ್ಟಿಕ್ ಕೂಡ ಬೆರೆಸಿರುತ್ತಾರೆ. ಪಿಬಿಎಟಿಯನ್ನು ಸಾಮಾನ್ಯವಾಗಿ ಪೆಟ್ರೋಲಿಯಂನಿಂದಲೇ ಮಾಡುತ್ತಾರೆ, ಆದರೆ ಅದರ ರಚನೆ ಸೂಕ್ಷ್ಮಜೀವಿಗಳು ತಿಂದು ಅರಗಿಸಿಕೊಳ್ಳುವಂಥದ್ದು. ಪಾಲಿಥಿನ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಅದೇ.

ಈ ಪಾಲಿಯೆಸ್ಟರ್‌ನ ಒಳಗಿರುವ ಉದ್ದನೆಯ ಸರಪಳಿಗಳನ್ನು ನೀರು ಕತ್ತರಿಸುತ್ತದೆ. ಬಕೆಟ್ ನೀರೇ ಬೇಕಾಗಿಲ್ಲ, ಗಾಳಿಯಲ್ಲಿರುವ ತೇವವೇ ಸಾಕು. ಪಿಷ್ಟವಂತೂ ಹಪ್ಪಳದ ಹಾಗೆ ತೇವ ಎಳೆದುಕೊಳ್ಳುತ್ತದೆ. ಶಾಖ ಜಾಸ್ತಿ ಆದಷ್ಟೂ ಈ ಕೆಲಸ ಬೇಗ ನಡೆಯುತ್ತದೆ, ಬಿಸಿಲು ಬಿದ್ದರೆ ಇನ್ನೂ ಬೇಗ. ಅಂದರೆ ಕಾಂಪೋಸ್ಟ್ ಗುಂಡಿಯಲ್ಲಿ ಆಗಬೇಕಾದ ಕೆಲಸದ ಮೊದಲ ಭಾಗ ನಿಮ್ಮ ಕಪಾಟಿನಲ್ಲೇ ನಿಧಾನಕ್ಕೆ ಶುರುವಾಗಿರುತ್ತದೆ. ಹಾಗಂತ ಕಪಾಟಿನಲ್ಲಿಟ್ಟದ್ದು ಗೊಬ್ಬರ ಆಗಿಬಿಡುತ್ತದೆ ಅನ್ನುವ ಹೆದರಿಕೆ ಬೇಡ. ಅದಕ್ಕೆ ಮಣ್ಣು, ಹಸಿ ಕಸ, ಸೂಕ್ಷ್ಮಜೀವಿಗಳು ಎಲ್ಲ ಬೇಕು. ಕಪಾಟಿನಲ್ಲಿ ಹೋಗುವುದು ಕವರಿನ ಗಟ್ಟಿತನ ಮಾತ್ರ.

ಎಷ್ಟು ದಿನ ಅಂತ ಕೇಳಿದರೆ, ತಯಾರಾದ ದಿನದಿಂದ ಸುಮಾರು 9ರಿಂದ 12 ತಿಂಗಳು ಅಂತ ಲೆಕ್ಕ ಇಟ್ಟುಕೊಳ್ಳಿ. ತಂಪಾದ, ಒಣಗಿದ, ಕತ್ತಲೆ ಜಾಗದಲ್ಲಿ ಪ್ಯಾಕೆಟ್ ಒಡೆಯದೆ ಇಟ್ಟರೆ ಕೆಲವು ಒಂದೂವರೆ ವರ್ಷದವರೆಗೂ ಬರುತ್ತವೆ. ಬಿಸಿಯಾದ, ತೇವದ ಜಾಗದಲ್ಲಿ ಇಟ್ಟರೆ ಅದಕ್ಕಿಂತ ಎಷ್ಟೋ ಮೊದಲೇ ಕೈಕೊಡುತ್ತವೆ. ನೆನಪಿರಲಿ, ಲೆಕ್ಕ ಶುರುವಾಗುವುದು ತಯಾರಾದ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ. ಅಂಗಡಿಯಲ್ಲಿ ಆರು ತಿಂಗಳು ಕೂತಿದ್ದರೆ ಅರ್ಧ ಆಯಸ್ಸು ಅಲ್ಲೇ ಮುಗಿದಿರುತ್ತದೆ.

ಕೊಳ್ಳುವಾಗ: ಪ್ಯಾಕೆಟ್ ತಿರುಗಿಸಿ ಓದಿ

ಪೊಟ್ಟಣ ಕಟ್ಟಿ ಮಾರುವ ಸಾಮಾನಿನ ಮೇಲೆ ತಯಾರಾದ ತಿಂಗಳು, ವರ್ಷ ಇರಬೇಕು ಅನ್ನುವುದು ಕಾನೂನು. ಕವರ್ ಪ್ಯಾಕೆಟ್‌ಗಳಲ್ಲಿ ಅದನ್ನು ಸಾಮಾನ್ಯವಾಗಿ ಎಂಆರ್‌ಪಿ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಒತ್ತಿರುತ್ತಾರೆ. ಬಿಸ್ಕೆಟ್ ಪ್ಯಾಕೆಟ್‌ಗೆ ನೋಡುವ ಹಾಗೆ ಕಸದ ಕವರ್‌ಗೆ ತಾರೀಖು ನೋಡುವ ಅಭ್ಯಾಸ ನಮಗಿಲ್ಲ, ಈಗ ಮಾಡಿಕೊಳ್ಳಬೇಕು. ತಯಾರಾಗಿ ಆರು ತಿಂಗಳು ದಾಟಿದ್ದರೆ ಬೇರೆ ಪ್ಯಾಕೆಟ್ ಕೊಡಿ ಅಂತ ಕೇಳಿ, ಏನೂ ತಪ್ಪಿಲ್ಲ. ಆನ್‌ಲೈನ್‌ನಲ್ಲಿ ತರಿಸುವವರಿಗೆ ಮುಂಚೆಯೇ ತಾರೀಖು ಕಾಣುವುದಿಲ್ಲ, ಹಾಗಾಗಿ ಡಬ್ಬ ಬಂದ ದಿನವೇ ಒಡೆದು ನೋಡಿ, ಹಳೆಯದಾಗಿದ್ದರೆ ವಾಪಸ್ ಕಳಿಸುವ ಅವಧಿ ಮುಗಿಯುವ ಮೊದಲೇ ಕಳಿಸಿಬಿಡಿ. ಭಾರಿ ರಿಯಾಯಿತಿಗೆ ಸಿಕ್ಕಿದರೆ ತಾರೀಖನ್ನು ಇನ್ನೊಮ್ಮೆ ನೋಡಿ.

ಇನ್ನೊಂದು ನೋಡಬೇಕಾದ್ದು, ಅದು ನಿಜವಾಗಿ ಕಾಂಪೋಸ್ಟಬಲ್ ಹೌದೋ ಅಲ್ಲವೋ ಅಂತ. ನಮ್ಮ ದೇಶದಲ್ಲಿ ಇದಕ್ಕೆ ಐಎಸ್ 17088 ಅನ್ನುವ ಮಾನದಂಡ ಇದೆ. ಕಾಂಪೋಸ್ಟಬಲ್ ಕವರ್ ತಯಾರಿಸುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ, ಅಂದರೆ ಸಿಪಿಸಿಬಿಯಿಂದ ಪ್ರಮಾಣಪತ್ರ ಪಡೆದಿರಬೇಕು. ತಯಾರಕರ ಹೆಸರು, ಪ್ರಮಾಣಪತ್ರದ ಸಂಖ್ಯೆ, 'ಕಾಂಪೋಸ್ಟಬಲ್' ಅನ್ನುವ ಪದ ಇವೆಲ್ಲ ಕವರ್ ಮೇಲೆ ಇದೆಯಾ ನೋಡಿ. ಸುಮ್ನೆ ಹಸಿರು ಬಣ್ಣ, ಒಂದು ಎಲೆಯ ಚಿತ್ರ, 'ಇಕೋ ಫ್ರೆಂಡ್ಲಿ' ಅಂತ ಬರೆದಿದ್ದರೆ ಅದಕ್ಕೆ ಏನೂ ಅರ್ಥವಿಲ್ಲ. 'ಆಕ್ಸೋ ಬಯೋಡಿಗ್ರೇಡಬಲ್' ಅಂತ ಇದ್ದರೆ ಅದು ಪಾಲಿಥಿನ್‌ಗೇ ಏನೋ ಬೆರೆಸಿ ಬೇಗ ಪುಡಿಪುಡಿ ಆಗುವ ಹಾಗೆ ಮಾಡಿರುವುದು, ಆ ಪುಡಿ ಮಣ್ಣಲ್ಲೇ ಉಳಿಯುತ್ತದೆ. ನೀರಿಗೆ ಹಾಕಿದರೆ ಕರಗಿಹೋಗುವ ಕವರ್‌ನ ವಿಡಿಯೋ ನೋಡಿರುತ್ತೀರಿ, ಅದು ಬೇರೆಯೇ ಜಾತಿ. ನಾನು ಹೇಳುತ್ತಿರುವ ಕವರ್ ನೀರಲ್ಲಿ ಕರಗುವುದಿಲ್ಲ. ಹಾಗೆ ಕರಗಲಿಲ್ಲ ಅಂತ ಅದು ನಕಲಿ ಅಂದುಕೊಳ್ಳಬೇಡಿ.

"ಇದೇನು ಇಷ್ಟು ತೆಳ್ಳಗಿದೆ" ಅಂತಲೂ ಕೇಳುತ್ತಾರೆ. ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್ 120 ಮೈಕ್ರಾನ್‌ಗಿಂತ ತೆಳ್ಳಗಿರಬಾರದು ಅನ್ನುವ ನಿಯಮ 2022ರ ಡಿಸೆಂಬರ್ ಕೊನೆಯಿಂದ ಇದೆ, ಆದರೆ ಅದು ಕಾಂಪೋಸ್ಟಬಲ್ ಕವರ್‌ಗೆ ಅನ್ವಯಿಸುವುದಿಲ್ಲ. ಹಾಗಾಗಿ ತೆಳ್ಳಗಿದ್ದರೆ ಕಾನೂನಿನ ಪ್ರಕಾರ ತಪ್ಪಲ್ಲ. ತೆಳ್ಳಗಿರುವುದು ಬೇಗ ಸೋಲುತ್ತದೆ ಅನ್ನುವುದು ಮಾತ್ರ ನಿಮ್ಮ ಗಮನದಲ್ಲಿರಲಿ.

ಎಷ್ಟು ತರಬೇಕು

ಮೂರು ತಿಂಗಳಿಗೆ ಆಗುವಷ್ಟು, ಅದಕ್ಕಿಂತ ಜಾಸ್ತಿ ಬೇಡ. ದಿನಕ್ಕೊಂದು ಕವರ್ ಖರ್ಚಾಗುವ ಮನೆಗೆ 90 ಕವರ್, ಅಂದರೆ 15ರ ರೋಲ್ ಆದರೆ ಆರು. ಎರಡು ದಿನಕ್ಕೊಮ್ಮೆ ಬದಲಿಸುವವರಿಗೆ ಮೂರೇ ಸಾಕು. ಕಾಂಬೊ ಪ್ಯಾಕ್‌ನಲ್ಲಿ ಒಂದೊಂದಕ್ಕೆ ಐವತ್ತು ಪೈಸೆ ಉಳಿಯಬಹುದು, ಆದರೆ ಕೊನೆಯ ಎರಡು ರೋಲ್ ಹರಿದುಹೋದರೆ ಆ ಉಳಿತಾಯ ಎಲ್ಲಿ ಬಂತು? ಪಕ್ಕದ ಮನೆಯವರ ಜೊತೆ ಸೇರಿ ತರಿಸಿ ಹಂಚಿಕೊಳ್ಳುವುದು ಒಳ್ಳೆಯ ದಾರಿ.

ತಂದ ಕೂಡಲೇ ರೋಲ್ ಮೇಲೆ ಅಥವಾ ಡಬ್ಬದ ಮೇಲೆ ಪೆನ್ನಿನಿಂದ ತಯಾರಾದ ತಿಂಗಳನ್ನು ದೊಡ್ಡದಾಗಿ ಬರೆದುಬಿಡಿ. ಹೊರಗಿನ ಪೊಟ್ಟಣ ಬಿಸಾಕಿದ ಮೇಲೆ ರೋಲ್ ನೋಡಿ ಅದರ ವಯಸ್ಸು ಹೇಳಲು ಆಗುವುದಿಲ್ಲ.

ಮನೆಯಲ್ಲಿ ಎಲ್ಲಿ ಇಡಬೇಕು

ಮುಖ್ಯವಾದ ಭಾಗ ಇದೇ, ಯಾಕಂದರೆ ನಾವೆಲ್ಲ ಕವರ್ ಇಡುವ ಜಾಗಗಳು ಒಂದಕ್ಕಿಂತ ಒಂದು ಕೆಟ್ಟವು.

ಸಿಂಕ್ ಕೆಳಗೆ ಇಡಬೇಡಿ. ಕಸದ ಡಬ್ಬಿ ಅಲ್ಲೇ ಇರುತ್ತದೆ, ಕೈಗೆ ಸಿಗಲಿ ಅಂತ ಎಲ್ಲರೂ ಇಡುವುದು ಅಲ್ಲೇ. ಆದರೆ ಇಡೀ ಮನೆಯಲ್ಲಿ ತೇವ ಜಾಸ್ತಿ ಇರುವ ಕಪಾಟು ಅದು, ಪೈಪ್ ಒಂದು ಹನಿ ಜಿನುಗಿದರೂ ಗೊತ್ತಾಗುವುದಿಲ್ಲ. ಫ್ರಿಡ್ಜ್ ಮೇಲೂ ಬೇಡ, ಹಿಂದಿನಿಂದ ಬಿಸಿ ಗಾಳಿ ಏಳುತ್ತಿರುತ್ತದೆ. ಒಲೆಯ ಪಕ್ಕದ ಡ್ರಾಯರ್, ಗೀಸರ್ ಇರುವ ಬಚ್ಚಲುಮನೆಯ ಅಟ್ಟ, ಬಾಲ್ಕನಿ, ಯುಟಿಲಿಟಿಯ ವಾಷಿಂಗ್ ಮಷೀನ್ ಮೇಲಿನ ಶೆಲ್ಫ್ ಇವೂ ಬೇಡ. ಮೇಲಿನ ಮಹಡಿಯ ಮನೆಗಳಲ್ಲಿ ತಾರಸಿಗೆ ತಾಗಿಕೊಂಡ ಅಟ್ಟ ಬೇಸಿಗೆಯಲ್ಲಿ ಕಾದು ಕೆಂಡವಾಗಿರುತ್ತದೆ, ಶೀಟಿನ ಮನೆಯಾದರೆ ಕೇಳುವುದೇ ಬೇಡ.

ಸ್ಕೂಟರ್ ಡಿಕ್ಕಿಯಲ್ಲಂತೂ ಇಡಲೇಬೇಡಿ. ದಾರಿಯಲ್ಲಿ ತರಕಾರಿ ಕೊಳ್ಳಲು ಬೇಕಾಗುತ್ತದೆ ಅಂತ ಸೀಟಿನ ಕೆಳಗೆ ಎರಡು ಕವರ್ ಮಡಚಿ ಇಟ್ಟಿರುತ್ತೇವೆ, ಗಾಡಿ ಬಿಸಿಲಲ್ಲಿ ನಿಂತಿರುತ್ತದೆ, ಕೆಳಗೆ ಇಂಜಿನ್ ಶಾಖ. ಅಲ್ಲಿಗೆ ಬಟ್ಟೆ ಚೀಲವೇ ಸರಿ.

ಹಾಗಾದರೆ ಎಲ್ಲಿ? ಮಲಗುವ ಕೋಣೆಯ ಬೀರುವಿನ ಕೆಳಗಿನ ಖಾನೆ, ಅಥವಾ ಹೊರಗೋಡೆಗೆ ತಾಗದ ಯಾವುದಾದರೂ ಒಳಗಿನ ಕಪಾಟು. ಬಿಸಿಲು ಬೀಳಬಾರದು, 30 ಡಿಗ್ರಿಗಿಂತ ಕೆಳಗಿದ್ದಷ್ಟೂ ಒಳ್ಳೆಯದು. ಬಂದ ಪೊಟ್ಟಣದಲ್ಲೇ ಇಡಿ, ಬಿಡಿಸಿ ಇಡಬೇಡಿ. ಅಡುಗೆಮನೆಗೆ ಒಂದೇ ರೋಲ್ ತನ್ನಿ, ಅದು ಮುಗಿದ ಮೇಲೆ ಇನ್ನೊಂದು. ರೋಲ್ ಅನ್ನು ಮಡಚಬೇಡಿ, ಮೇಲೆ ಭಾರ ಹೇರಬೇಡಿ. ಮಡಿಕೆ ಬಿದ್ದ ಗೆರೆಯಲ್ಲೇ ಮುಂದೆ ಸೀಳುವುದು.

ತೇವದ ಊರಿನವರಿಗೆ ಒಂದು ಮಾತು. ಮಂಗಳೂರು, ಉಡುಪಿ, ಕಾರವಾರ, ಮಲೆನಾಡಿನ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿಗೂ ಬೂಸ್ಟು ಬರುತ್ತದೆ. ಅಲ್ಲಿ ಬರೀ ಕಪಾಟು ಸಾಲದು. ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬ ಅಥವಾ ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಡಬ್ಬದಲ್ಲಿ ಪೊಟ್ಟಣದ ಸಮೇತ ಇಡಿ. ಮಳೆಗಾಲಕ್ಕೆ ಮುಂಚೆ ದೊಡ್ಡ ಸ್ಟಾಕ್ ಮಾಡಿಕೊಳ್ಳಬೇಡಿ, ಆಯಾ ತಿಂಗಳಿಗೆ ಆಯಾ ತಿಂಗಳು ತನ್ನಿ. ರಾಯಚೂರು, ಕಲಬುರಗಿ ಕಡೆಯವರಿಗೆ ತೊಂದರೆ ಶಾಖದ್ದು. ಏಪ್ರಿಲ್, ಮೇನಲ್ಲಿ ಹೊರಗೆ 40 ದಾಟಿದಾಗ ಮನೆಯ ಒಳಗೂ ಬಿಸಿ, ಆದ್ದರಿಂದ ನೆಲದ ಹತ್ತಿರದ ಖಾನೆ ಆರಿಸಿಕೊಳ್ಳಿ. ಅತಿಯಾಗಿ ಒಣಗಿದರೂ ಪಿಷ್ಟದ ಭಾಗ ಗಡುಸಾಗಿ ಕವರ್ ಮೆತ್ತಗೆ ಎಳೆದುಕೊಳ್ಳುವ ಗುಣ ಕಳೆದುಕೊಳ್ಳುತ್ತದೆ, ಹಾಗಾಗಿ ಡಬ್ಬಕ್ಕೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಸುರಿಯುವ ಅಗತ್ಯ ಇಲ್ಲ. ಬೆಂಗಳೂರು, ಮೈಸೂರಿನವರಿಗೆ ಹವೆಯೇ ಅರ್ಧ ಕೆಲಸ ಮಾಡಿಕೊಡುತ್ತದೆ.

ಹಳೆಯದಾಗಿದೆಯಾ ಅಂತ ತಿಳಿಯುವುದು ಹೇಗೆ

ತಾರೀಖು ಅಳಿಸಿಹೋಗಿದ್ದರೂ ಕೈಗೆ ಗೊತ್ತಾಗುತ್ತದೆ. ಹೊಸ ಕವರ್ ಮುಟ್ಟಿದರೆ ಮೆತ್ತಗೆ, ಸ್ವಲ್ಪ ಪುಡಿ ಹಚ್ಚಿದ ಹಾಗೆ ನುಣುಪು, ಪಾಲಿಥಿನ್‌ನ ಹಾಗೆ ಚರಚರ ಸದ್ದು ಮಾಡುವುದಿಲ್ಲ. ಒಂದನ್ನು ಬಿಡಿಸಿ, ಬಾಯಿ ತೆರೆದು, ಎರಡು ಹೆಬ್ಬೆರಳನ್ನೂ ಒಳಗೆ ತಳದ ಹೊಲಿಗೆಯವರೆಗೆ (ಎರಡು ಪದರ ಸೇರಿಸಿ ಅಂಟಿಸಿದ ಗೆರೆ) ಇಳಿಸಿ ನಿಧಾನಕ್ಕೆ ಎರಡೂ ಕಡೆ ಎಳೆಯಿರಿ. ಚೆನ್ನಾಗಿದ್ದರೆ ಹೊಲಿಗೆಯ ಪಕ್ಕದ ಭಾಗ ಎಳೆದುಕೊಂಡು ಬೆಳ್ಳಗಾಗುತ್ತದೆ, ಆಮೇಲೆ ಹರಿಯುತ್ತದೆ. ಹಳೆಯದಾಗಿದ್ದರೆ ಎಳೆಯುವ ಮೊದಲೇ ಹೊಲಿಗೆ ಗೆರೆಯ ಉದ್ದಕ್ಕೂ ನೇರವಾಗಿ ಬಿಟ್ಟುಕೊಳ್ಳುತ್ತದೆ. ಮೊದಲು ಸೋಲುವುದು ಸಾಮಾನ್ಯವಾಗಿ ತಳದ ಹೊಲಿಗೆಯೇ, ಆಮೇಲೆ ಮಡಿಕೆಯ ಗೆರೆ, ಕೊನೆಗೆ ಮೈ.

ಬೇರೆ ಸೂಚನೆಗಳೂ ಇವೆ. ರೋಲ್‌ನಿಂದ ಕೀಳುವಾಗ ತೂತು ಗೆರೆಯಲ್ಲಿ ಬರದೆ ಅಡ್ಡಾದಿಡ್ಡಿ ಹರಿಯುವುದು, ಎರಡು ಪದರ ಅಂಟಿಕೊಂಡು ಬಾಯಿ ಬಿಡದಿರುವುದು, ಮೈ ಜಿಗುಟಾಗುವುದು. ಅಂಟಿಕೊಂಡದ್ದೆಲ್ಲ ಹಾಳಾದದ್ದು ಅಂತ ಅಲ್ಲ, ಹೊಸದೂ ಕೆಲವೊಮ್ಮೆ ಅಂಟಿರುತ್ತದೆ. ಅಂಗೈಗಳ ನಡುವೆ ಬಾಯಿಯ ತುದಿಯನ್ನು ಉಜ್ಜಿ ನೋಡಿ, ಬಿಟ್ಟುಕೊಂಡರೆ ಸರಿ. ಒದ್ದೆ ಕೈಯಲ್ಲಿ ಬಿಡಿಸಬೇಡಿ, ಉಗುರಿನಿಂದ ಕೆರೆಯಬೇಡಿ.

ರೋಲ್‌ನ ಹೊರಗಿನ ಒಂದು ಕವರ್ ಸೋತಿದೆ ಅಂತ ಇಡೀ ರೋಲ್ ಬಿಸಾಕಬೇಡಿ. ಗಾಳಿ, ಬೆಳಕು ತಾಗಿದ್ದು ಹೊರಗಿನ ಸುತ್ತುಗಳಿಗೆ. ಮೂರನೆಯದನ್ನೋ ನಾಲ್ಕನೆಯದನ್ನೋ ಎಳೆದು ನೋಡಿ ಆಮೇಲೆ ತೀರ್ಮಾನಿಸಿ.

ಡಬ್ಬಿಗೆ ಹಾಕಿದ ಮೇಲೆ

ಇಲ್ಲಿಂದ ಆಯಸ್ಸು ತಿಂಗಳ ಲೆಕ್ಕ ಅಲ್ಲ, ದಿನದ ಲೆಕ್ಕ. ಹಸಿ ಕಸ ತುಂಬಿದ ಕವರ್ ಎರಡು ದಿನ, ಹೆಚ್ಚೆಂದರೆ ಮೂರು ದಿನ. ಬೇಸಿಗೆಯಲ್ಲಿ, ಅಥವಾ ಮೀನು, ಮಾಂಸದ ಕಸ ಇದ್ದರೆ ಆ ದಿನದ್ದನ್ನು ಆ ದಿನವೇ ಹೊರಗೆ ಹಾಕಿ.

ಕವರ್ ಎಲ್ಲೂ ತೂತಾಗಿಲ್ಲ, ಆದರೂ ಡಬ್ಬಿಯ ತಳದಲ್ಲಿ ನೀರು ಅಂತ ಬಹಳ ಜನ ಹೇಳುತ್ತಾರೆ. ಅದು ಈ ಕವರಿನ ಗುಣವೇ. ಪಾಲಿಥಿನ್ ತಡೆಯುವಷ್ಟು ಚೆನ್ನಾಗಿ ಇದು ನೀರಿನ ಆವಿಯನ್ನು ತಡೆಯುವುದಿಲ್ಲ, ಒಳಗಿನ ತೇವ ಸ್ವಲ್ಪ ಸ್ವಲ್ಪವೇ ಹೊರಗೆ ಬಂದು ಮುಚ್ಚಿದ ಡಬ್ಬಿಯ ಗೋಡೆಗೆ ತಾಗಿ ನೀರಾಗುತ್ತದೆ. ಅದಕ್ಕೇ ಡಬ್ಬಿಯ ತಳಕ್ಕೆ ಒಂದು ಹಳೆ ನ್ಯೂಸ್‌ಪೇಪರ್ ಹಾಕಿ, ಕವರ್‌ನ ಒಳಗೂ ಒಂದು ಹಾಳೆ. ಕಾಫಿ ಗಸಿ, ಚಹಾ ಸೊಪ್ಪು, ಉಳಿದ ಸಾರು ಇವನ್ನು ಹಾಗೇ ಸುರಿಯಬೇಡಿ, ಜಾಲರಿಯಲ್ಲಿ ನೀರು ಸೋಸಿ ಗಟ್ಟಿಯದನ್ನು ಮಾತ್ರ ಹಾಕಿ. ಬಿಸಿ ಇದ್ದದ್ದು ಪೂರ್ತಿ ಆರಲಿ. ಮುಚ್ಚಳಕ್ಕೆ ನಾಲ್ಕು ತೂತು ಇದ್ದರೆ ಇನ್ನೂ ಒಳ್ಳೆಯದು. ಎತ್ತುವಾಗ ಕಿವಿ ಹಿಡಿದು ಎಳೆಯಬೇಡಿ, ಕೆಳಗೆ ಒಂದು ಕೈ ಕೊಟ್ಟು ಎತ್ತಿ.

ಕಸದ ಕವರ್‌ನಲ್ಲಿ ತಿಂಡಿ ಪದಾರ್ಥ ಕಟ್ಟಬೇಡಿ, ಬಿಸಿ ಸಾಂಬಾರ್ ಅಂತೂ ಬೇಡವೇ ಬೇಡ. ತರಕಾರಿ ತಂದ ಕ್ಯಾರಿ ಬ್ಯಾಗ್‌ನಲ್ಲೇ ಸೊಪ್ಪನ್ನು ಒಂದೆರಡು ದಿನ ಫ್ರಿಡ್ಜ್‌ನಲ್ಲಿ ಇಟ್ಟರೆ ತೊಂದರೆ ಇಲ್ಲ, ಪಾಲಿಥಿನ್‌ನಲ್ಲಿ ಆಗುವ ಹಾಗೆ ನೀರು ಕಟ್ಟಿ ಲೋಳೆಯಾಗುವುದು ಕಡಿಮೆ. ಹೆಚ್ಚು ದಿನ ಬಿಟ್ಟರೆ ಸೊಪ್ಪು ಒಣಗುತ್ತದೆ.

ಅಂಗಡಿ, ಅಪಾರ್ಟ್‌ಮೆಂಟ್, ಛತ್ರದವರಿಗೆ

ನಿಮ್ಮದು ದೊಡ್ಡ ಸ್ಟಾಕ್, ಹಾಗಾಗಿ ನಷ್ಟವೂ ದೊಡ್ಡದು. ಹೊಸ ಪೆಟ್ಟಿಗೆ ಬಂದಾಗ ಹಿಂದಕ್ಕೆ ಇಡಿ, ಹಳೆಯದನ್ನು ಮುಂದಕ್ಕೆ ತನ್ನಿ. ಇದೊಂದು ಮಾಡಿದರೆ ಅರ್ಧ ದೂರು ಕಡಿಮೆಯಾಗುತ್ತದೆ. ಗೋದಾಮಿನ ನೆಲದ ಮೇಲೆ ಇಡಬೇಡಿ, ಮರದ ಹಲಗೆ ಹಾಕಿ, ಗೋಡೆಯಿಂದ ಸ್ವಲ್ಪ ದೂರ ಇಡಿ. ಕ್ಯಾಷ್ ಕೌಂಟರ್ ಪಕ್ಕ ಕೊಕ್ಕೆಗೆ ನೇತುಹಾಕಿದ ಕಟ್ಟಿಗೆ ಸಂಜೆ ಬಿಸಿಲು ಬೀಳುತ್ತದಾ ನೋಡಿ, ಬೀಳುತ್ತಿದ್ದರೆ ಆ ದಿನಕ್ಕೆ ಬೇಕಾದಷ್ಟೇ ಹೊರಗಿಡಿ. ಮದುವೆ ಸೀಸನ್‌ಗೆ ಅಂತ ಆರು ತಿಂಗಳು ಮುಂಚೆ ತುಂಬಿಸಿಡುವ ಛತ್ರದವರು, ಆರ್ಡರ್ ಕೊಡುವಾಗಲೇ ಈ ತಿಂಗಳ ಮಾಲೇ ಬೇಕು ಅಂತ ಬರೆದು ಕೊಡಿ.

ಕಾಲ ಮುಗಿದ ಕವರ್‌ಗಳನ್ನು ಏನು ಮಾಡಬೇಕು

ಹಳೆಯದಾದ ಕವರ್ ಭಾರ ಹೊರಲಾರದು, ಆದರೆ ಗೊಬ್ಬರವಾಗುವ ಗುಣ ಹೋಗಿರುವುದಿಲ್ಲ. ಎರಡು ಕವರ್ ಒಂದರೊಳಗೊಂದು ಹಾಕಿ ಒಣ ಎಲೆ, ದೇವರ ಹೂವು, ತರಕಾರಿ ಸಿಪ್ಪೆ ಅಂಥ ಹಗುರ ಕಸಕ್ಕೆ ಬಳಸಿ.

ಮನೆಯಲ್ಲೇ ಮಡಕೆಯಲ್ಲೋ ಡ್ರಮ್ಮಿನಲ್ಲೋ ಗೊಬ್ಬರ ಮಾಡುವವರು ಕತ್ತರಿಯಿಂದ ಅಂಗೈಯಗಲದ ತುಂಡು ಮಾಡಿ, ಸ್ವಲ್ಪ ಸ್ವಲ್ಪವೇ ಹಸಿ ಕಸದ ಮಧ್ಯೆ ಸೇರಿಸಿ, ಮೇಲೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹಾಕಿ. ತಾಳ್ಮೆ ಬೇಕು. ಇವುಗಳ ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿ ಶಾಖದ ದೊಡ್ಡ ಘಟಕದ ಲೆಕ್ಕದಲ್ಲಿ, ಅಲ್ಲಿ 12 ವಾರದಲ್ಲಿ ಚೂರುಚೂರಾಗಬೇಕು, 180 ದಿನದೊಳಗೆ ಶೇಕಡಾ 90ರಷ್ಟು ಅರಗಬೇಕು. ನಮ್ಮ ಬಾಲ್ಕನಿಯ ಮಡಕೆ ಅಷ್ಟು ಬಿಸಿಯಾಗಿ ಅಷ್ಟು ದಿನ ಉಳಿಯುವುದಿಲ್ಲ, ಹಾಗಾಗಿ ತಿಂಗಳುಗಟ್ಟಲೆ ಹಿಡಿಯುತ್ತದೆ. ಪಿಎಲ್‌ಎ ಜಾಸ್ತಿ ಇರುವ ಕವರ್ ಆದರೆ ತುಂಡುಗಳು ಹಾಗೇ ಉಳಿಯಬಹುದು. ಗೊಬ್ಬರ ಜರಡಿ ಹಿಡಿಯುವಾಗ ಸಿಕ್ಕ ಚೂರುಗಳನ್ನು ಮುಂದಿನ ಕಂತಿಗೆ ಹಾಕಿ. ಪ್ಯಾಕೆಟ್ ಮೇಲೆ 'ಹೋಮ್ ಕಾಂಪೋಸ್ಟಬಲ್' ಅಂತ ಇದ್ದರೆ ಈ ತೊಂದರೆ ಕಡಿಮೆ.

ಒಣ ಕಸದ ಪ್ಲಾಸ್ಟಿಕ್ ಜೊತೆ ಮಾತ್ರ ಇವನ್ನು ಸೇರಿಸಬೇಡಿ. ಪಾಲಿಥಿನ್ ಕರಗಿಸಿ ಮತ್ತೆ ಬಳಸುವಾಗ ಇದು ಬೆರೆತರೆ ಮಾಲು ಕೆಡುತ್ತದೆ. ಬಾಗಿಲ ಹಿಂದಿನ ಆ ಗಂಟಿನಿಂದ ಕಾಂಪೋಸ್ಟಬಲ್ ಕವರ್‌ಗಳನ್ನು ಬೇರೆ ಮಾಡಲು ಇದೂ ಒಂದು ಕಾರಣ.

ಇನ್ನು ಹಸಿ ಕಸವನ್ನು ಕವರ್ ಸಮೇತ ಗಾಡಿಗೆ ಹಾಕಬಹುದಾ ಅನ್ನುವ ಪ್ರಶ್ನೆ. ಬೆಂಗಳೂರಿನಲ್ಲಿ ಹೈಕೋರ್ಟ್ ನಿರ್ದೇಶನದಂತೆ ಬಂದ 'ಎರಡು ಡಬ್ಬಿ, ಒಂದು ಚೀಲ' ಪದ್ಧತಿಯಲ್ಲಿ ಹಸಿರು ಡಬ್ಬಿಯ ಹಸಿ ಕಸವನ್ನು ಯಾವ ಕವರ್ ಇಲ್ಲದೆ ಹಾಗೇ ಸುರಿಯಬೇಕು. ಅದು ಸರಿಯೂ ಹೌದು. ಓಡುವ ಗಾಡಿಯಲ್ಲಿ ಕೆಲಸ ಮಾಡುವ ಪೌರಕಾರ್ಮಿಕರಿಗೆ ಯಾವುದು ಪ್ಲಾಸ್ಟಿಕ್, ಯಾವುದು ಕಾಂಪೋಸ್ಟಬಲ್ ಅಂತ ಮುಟ್ಟಿ ನೋಡುತ್ತಾ ಕೂರಲು ಆಗುವುದಿಲ್ಲ, ಎಲ್ಲವನ್ನೂ ಬರಿಗೈಯಲ್ಲಿ ಕಿತ್ತು ಬೇರೆ ಮಾಡಬೇಕಾಗುತ್ತದೆ. ಹಾಗಾಗಿ ಕಸವನ್ನು ಗಾಡಿಗೆ ಸುರಿದು, ಕವರ್ ವಾಪಸ್ ತನ್ನಿ. ಅದು ಇನ್ನೂ ಗಟ್ಟಿ ಇದ್ದರೆ ತೊಳೆದು ನೆರಳಲ್ಲಿ ಒಣಗಿಸಿ ಇನ್ನೊಂದು ದಿನ ಬಳಸಬಹುದು, ಇಲ್ಲದಿದ್ದರೆ ನಿಮ್ಮದೋ ನೆರೆಯವರದೋ ಕಾಂಪೋಸ್ಟ್ ಮಡಕೆಗೆ. ಬೇರೆ ಊರಿನವರು ನಿಮ್ಮ ಪುರಸಭೆ, ಪಂಚಾಯಿತಿಯ ಕಸದ ಗಾಡಿಯವರನ್ನೇ ಒಮ್ಮೆ ಕೇಳಿ, ಕವರ್ ಸಮೇತ ಕೊಟ್ಟರೆ ಅವರ ಘಟಕದಲ್ಲಿ ಏನು ಮಾಡುತ್ತಾರೆ ಅಂತ.